ಎರಡೇ ಅಂಕದಲ್ಲಿ ತೀರ್ಮಾನವಾಗುವ ಸೀಸನ್: ಬಿಟಿಸಿಸಿ ನೋಡುವವರಿಗೆ ಒಂದಿಷ್ಟು ಲೆಕ್ಕಾಚಾರ

2019ರ ಅಕ್ಟೋಬರ್. ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕ್‌ನಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನ (ಬಿಟಿಸಿಸಿ) 30ನೇ ರೇಸ್, ಅಂದರೆ ಕೊನೆಯದು. ಮುಗಿಯಲು ಸುಮಾರು ಎರಡು ಸುತ್ತು ಬಾಕಿ ಇರುವಾಗ ಪಟ್ಟ ಡ್ಯಾನ್ ಕ್ಯಾಮಿಶ್ ಅವರ ಕೈಗೆ ಬಂದಂತೆಯೇ ಇತ್ತು. ಹಾಥಾರ್ನ್ ತಿರುವಿನಲ್ಲಿ ಅವರ ಹೋಂಡಾದ ಬ್ರೇಕ್ ಕೈಕೊಟ್ಟಿತು, ಕಾರು ತಡೆಗೋಡೆಗೆ ಬಡಿಯಿತು. ಅದೇ ದಿನ ಎರಡನೇ ರೇಸ್‌ನಲ್ಲಿ ಡಿಕ್ಕಿಯಾಗಿ ಗಿರಕಿ ಹೊಡೆದು ಹಿಂದೆ ಬಿದ್ದಿದ್ದ ಕಾಲಿನ್ ಟರ್ಕಿಂಗ್‌ಟನ್ ಚಾಂಪಿಯನ್ ಆದರು. ಎರಡನೇ ಸ್ಥಾನದ ಆಂಡ್ರ್ಯೂ ಜೋರ್ಡನ್‌ಗಿಂತ ಅವರಿಗಿದ್ದ ಹೆಚ್ಚುವರಿ ಎರಡೇ ಅಂಕ.

ಆರು ತಿಂಗಳು, ಹತ್ತು ವಾರಾಂತ್ಯ, 30 ರೇಸ್ ಓಡಿ ಎರಡು ಅಂಕ. ಆ ಎರಡು ಅಂಕ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಈ ಸ್ಪರ್ಧೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಮೊದಲು ಅಂಕಪದ್ಧತಿ ಬಾಯಿಗೆ ಬರಲಿ. ಗೆದ್ದವರಿಗೆ 20, ಆಮೇಲೆ 17, 15, 13, 11, 10, ಅಲ್ಲಿಂದ ಒಂದೊಂದೇ ಇಳಿದು 15ನೇಯವರಿಗೆ 1. ಇದರ ಮೇಲೆ ಬೋನಸ್: ರೇಸ್‌ನ ಅತಿವೇಗದ ಸುತ್ತಿಗೆ 1, ಒಂದು ಸುತ್ತಾದರೂ ಮುಂದಾಳಾಗಿ ಗೆರೆ ದಾಟಿದರೆ 1, ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ (ಗ್ರಿಡ್ ಗೊತ್ತುಮಾಡುವ ವೇಗದ ಸುತ್ತುಗಳು) ಪೋಲ್, ಅಂದರೆ ಮೊದಲ ಜಾಗ, ಗಳಿಸಿದರೆ 1. ಹತ್ತು ಸುತ್ತು ಮುಂದಿದ್ದರೂ ಆ ಅಂಕ ಒಂದೇ. ಆದರೆ ಒಂದೇ ರೇಸ್‌ನಲ್ಲಿ ಮೂವರು ಮುಂದಾಳಾದರೆ ಮೂವರಿಗೂ ಅದು ಸಿಗುತ್ತದೆ. ಈ ಪದ್ಧತಿಯಲ್ಲಿ ಒಂದು ವಾರಾಂತ್ಯಕ್ಕೆ ಒಬ್ಬರು ಗಳಿಸಬಹುದಾದ ಗರಿಷ್ಠ 67. ಇನ್ನೆರಡು ವಾರಾಂತ್ಯ ಇರುವಾಗ ಅಂತರ 134ಕ್ಕಿಂತ ಹೆಚ್ಚಿದ್ದರೆ ಆ ಚಾಲಕನ ಪಟ್ಟದ ಲೆಕ್ಕ ಅಲ್ಲಿಗೆ ಮುಗಿಯಿತು.

ಎಕ್ಸೆಲ್ ಹಾಳೆಯಲ್ಲಿ ಪ್ರತಿ ಚಾಲಕನಿಗೆ ಒಂದು ಸಾಲು, ಪ್ರತಿ ವಾರಾಂತ್ಯಕ್ಕೆ ನಾಲ್ಕು ಕಾಲಂ: ಮೂರು ರೇಸ್, ಒಂದು ಬೋನಸ್. ಬೋನಸ್‌ನ್ನು ರೇಸ್‌ ಅಂಕದೊಳಗೆ ಕೂಡಿಸಿಬಿಡಬೇಡಿ. ಆಗಸ್ಟ್ ಹೊತ್ತಿಗೆ ಇಬ್ಬರು ಸಮಸಮ ಬಂದಾಗ ಯಾರು ಕ್ವಾಲಿಫೈಯಿಂಗ್‌ನಿಂದ ಬದುಕಿದ್ದಾರೆ, ಯಾರು ರೇಸ್‌ನಲ್ಲಿ ದುಡಿದಿದ್ದಾರೆ ಅನ್ನುವುದು ಆ ಕಾಲಂನಿಂದಲೇ ತಿಳಿಯುವುದು. ಶುರು ಮಾಡಿದ ಸ್ಥಾನವನ್ನೂ ಪಕ್ಕದಲ್ಲೇ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಅದಕ್ಕೆ ಕಾರಣ ಗ್ರಿಡ್, ಅಂದರೆ ಹೊರಡುವ ಮುನ್ನ ಕಾರುಗಳು ನಿಲ್ಲುವ ಸಾಲು, ಕಟ್ಟುವ ಕ್ರಮ.

ಮೊದಲ ರೇಸ್‌ನ ಗ್ರಿಡ್ ಕ್ವಾಲಿಫೈಯಿಂಗ್ ಪ್ರಕಾರ. ಎರಡನೆಯದು ಮೊದಲನೆಯದರ ಫಲಿತಾಂಶದ ಪ್ರಕಾರ. ಮೂರನೆಯದಕ್ಕೆ ಚೀಟಿ ಎತ್ತುತ್ತಾರೆ. 9 ಬಂತು ಅಂದುಕೊಳ್ಳಿ: ಎರಡನೇ ರೇಸ್‌ನಲ್ಲಿ 9ನೇ ಬಂದವರು ಪೋಲ್‌ನಲ್ಲಿ ನಿಲ್ಲುತ್ತಾರೆ, ಗೆದ್ದವರು 9ನೇ ಜಾಗಕ್ಕೆ ಹೋಗುತ್ತಾರೆ, 10ನೇಯವರು ಇದ್ದಲ್ಲೇ ಇರುತ್ತಾರೆ. ಹಾಗಾಗಿ ಎರಡನೇ ರೇಸ್‌ನ ಕೊನೇ ಸುತ್ತುಗಳಲ್ಲಿ ಕಣ್ಣು ಮುಂದಾಳಿನ ಮೇಲಿದ್ದರೆ ಸಾಲದು, 7ರಿಂದ 12ರವರೆಗಿನ ಗುಂಪಿನ ಮೇಲೂ ಇರಲಿ. ಮೂರನೇ ರೇಸ್‌ನಲ್ಲಿ 9ನೇ ಜಾಗದಿಂದ ಹೊರಟು, ಬಂಪರ್ ಕಳಕೊಳ್ಳದೆ 5ನೇ ಬಂದು 11 ಅಂಕ ಒಯ್ಯುವ ಚಾಲಕ ಆ ದಿನ ಸುದ್ದಿಯಾಗುವುದಿಲ್ಲ. ಅಕ್ಟೋಬರ್‌ನಲ್ಲಿ ಪಟ್ಟಕ್ಕೆ ಉಳಿದಿರುವುದು ಬಹುಪಾಲು ಅಂಥವರೇ.

ಗೆಲ್ಲುತ್ತಾ ಹೋದವರನ್ನು ಹಿಡಿದೆಳೆಯುವ ವ್ಯವಸ್ಥೆ ಇನ್ನೊಂದು. ಹಿಂದೆ ಕಾರಿಗೆ ಸೀಸದ ತೂಕ ಹೇರುತ್ತಿದ್ದರು. 2022ರಲ್ಲಿ ಹೈಬ್ರಿಡ್ (ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು) ಬಂದ ಮೇಲೆ ತೂಕದ ಬದಲು, ಆ ಮೋಟಾರಿನ ಹೆಚ್ಚುವರಿ ಶಕ್ತಿಯನ್ನು ಪ್ರತಿ ಸುತ್ತಿನಲ್ಲಿ ಎಷ್ಟು ಸೆಕೆಂಡ್ ಬಳಸಬಹುದು ಅನ್ನುವ ಲೆಕ್ಕ ಶುರುವಾಯಿತು: ಅಂಕಪಟ್ಟಿಯ ಮೊದಲಿಗರಿಗೆ ಅದು ಇಲ್ಲ, ಒಂದೊಂದು ಸ್ಥಾನ ಕೆಳಗಿಳಿದಂತೆ ಒಂದೂವರೆ ಸೆಕೆಂಡಿನಂತೆ ಏರಿ ಗರಿಷ್ಠ 15 ಸೆಕೆಂಡ್. 2025ರಲ್ಲಿ ಹೈಬ್ರಿಡ್ ತೆಗೆದು ಅದರ ಜಾಗಕ್ಕೆ ಟರ್ಬೊ ಬೂಸ್ಟ್ (ಎಂಜಿನ್‌ನ ಟರ್ಬೊದಿಂದಲೇ ಸಿಗುವ ಹೆಚ್ಚುವರಿ ಶಕ್ತಿ) ತಂದರು. ಯಂತ್ರ ಬದಲಾದರೂ ತತ್ವ ಅದೇ. ಪಟ್ಟಿಯ ತುದಿಯಲ್ಲಿರುವವರು ಕ್ವಾಲಿಫೈಯಿಂಗ್‌ನಲ್ಲಿ ಎಂಟನೇ ಬಂದರೆ ಅದನ್ನು ಸೋಲು ಅಂತ ಓದಬೇಡಿ. ಬ್ರ್ಯಾಂಡ್ಸ್ ಹ್ಯಾಚ್‌ನ ಇಂಡಿ ಟ್ರ್ಯಾಕ್ ಎರಡು ಕಿಲೋಮೀಟರೂ ಇಲ್ಲ, ಒಂದು ಸುತ್ತಿಗೆ 48 ಸೆಕೆಂಡಿನ ಆಸುಪಾಸು. ಅಲ್ಲಿ ಒಂದೇ ಸೆಕೆಂಡಿನೊಳಗೆ ಇಪ್ಪತ್ತು ಕಾರುಗಳು ಸಿಕ್ಕಿಕೊಳ್ಳುವುದುಂಟು.

ಇನ್ನು ಟೈರ್. ಈ ಕ್ರೀಡೆಯ ರುಚಿ ನನ್ನ ಪ್ರಕಾರ ಇರುವುದೇ ಇಲ್ಲಿ. ಕಾರುಗಳೆಲ್ಲ ಎರಡು ಲೀಟರಿನ ಟರ್ಬೊ ಎಂಜಿನ್‌ನವೇ. ಆದರೆ ಹೋಂಡಾ, ಹ್ಯುಂಡೈ, ಫೋರ್ಡ್ ಫೋಕಸ್‌ಗಳನ್ನು ಮುಂದಿನ ಚಕ್ರ ಎಳೆಯುತ್ತದೆ, ಬಿಎಂಡಬ್ಲ್ಯುವನ್ನು ಹಿಂದಿನ ಚಕ್ರ ತಳ್ಳುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಭಾರ ಹೊರುವುದು ಎಲ್ಲವೂ ಮುಂದಿನ ಎರಡೇ ಟೈರ್‌ಗಳ ಪಾಲಿಗೆ ಬಂದಾಗ ಅವು ಬೇಗ ಬಿಸಿಯಾಗುತ್ತವೆ, ಆದ್ದರಿಂದ ಒಂದು ಸುತ್ತಿನ ವೇಗ ಸುಲಭವಾಗಿ ಸಿಗುತ್ತದೆ. ರೇಸ್‌ನ ಕೊನೆಯಲ್ಲಿ ಅವೇ ಮೊದಲು ಸೋಲುತ್ತವೆ. ಸ್ಟಿಯರಿಂಗ್ ತಿರುಗಿಸಿದರೂ ಕಾರಿನ ಮೂತಿ ತಿರುವಿನ ಒಳಕ್ಕೆ ಬರದೆ ಹೊರಕ್ಕೆ ಜಾರತೊಡಗಿದರೆ ಇದೇ ಕಾರಣ. ಬಿಎಂಡಬ್ಲ್ಯು ನಿಂತಲ್ಲಿಂದ ಚೆನ್ನಾಗಿ ಹೊರಡುತ್ತದೆ, ಕ್ರಾಫ್ಟ್‌ನಂಥ ಟ್ರ್ಯಾಕ್‌ನಲ್ಲಿ ನಿಧಾನದ ಹೇರ್‌ಪಿನ್‌ನಿಂದ (ಪೂರ್ತಿ ಹಿಂದಿರುಗುವ ಕಡಿದಾದ ತಿರುವು) ಹೊರಬೀಳುವಾಗ ಅದಕ್ಕೆ ಹಿಡಿತ ಹೆಚ್ಚು.

ಥ್ರಕ್ಸ್‌ಟನ್‌ನಲ್ಲಿ ಲೆಕ್ಕವೇ ಬೇರೆ. ಹಳೇ ವಿಮಾನನಿಲ್ದಾಣದ ಸುತ್ತ ಹಾಸಿದ 3.8 ಕಿಲೋಮೀಟರಿನ ರಸ್ತೆ, ಸೀಸನ್‌ನ ಅತಿವೇಗದ ಟ್ರ್ಯಾಕ್. ಚರ್ಚ್ ಅನ್ನುವ ಉದ್ದನೆಯ ಬಲತಿರುವಿನಲ್ಲಿ ಪೂರ್ತಿ ಭಾರ ಎಡಗಡೆಯ ಟೈರ್‌ಗಳ ಮೇಲೆ ಬೀಳುತ್ತದೆ. ಒರಟು ರಸ್ತೆ, ಇಳಿಯದ ವೇಗ: ಒಳಗೆ ಶಾಖ ಕೂಡಿಕೊಂಡು ರಬ್ಬರಿನ ಮೇಲೆ ಬೊಕ್ಕೆ ಏಳುತ್ತದೆ, ಕೆಲವೊಮ್ಮೆ ಕೊನೇ ಸುತ್ತುಗಳಲ್ಲಿ ಟೈರೇ ಒಡೆಯುತ್ತದೆ. ಅಲ್ಲಿ ಮೊದಲ ಐದು ಸುತ್ತು ಮುನ್ನುಗ್ಗಿದವರಿಗಿಂತ ಒಂದು ಕಾರಿನಷ್ಟು ಅಂತರ ಬಿಟ್ಟು ಕಾದವರನ್ನು ಗಮನಿಸಿ.

ಟೈರ್ ಸೋಲುವುದನ್ನು ಕಣ್ಣಿಗಿಂತ ಮೊದಲು ಅಂಕಿ ಹೇಳುತ್ತದೆ. ಸುತ್ತುಗಳ ಸಮಯ ದಾಖಲಿಸುವ ಟಿಎಸ್ಎಲ್ ಟೈಮಿಂಗ್‌ನವರ ಲೈವ್ ಪುಟವನ್ನು ಫೋನಿನಲ್ಲಿ ತೆರೆದಿಡಿ. ಐದನೇ ಸುತ್ತಿನ ಸಮಯ ಬರೆದುಕೊಳ್ಳಿ, ಹತ್ತನೆಯದನ್ನು ಅದರ ಪಕ್ಕ ಬರೆಯಿರಿ. ಇಂಡಿ ಟ್ರ್ಯಾಕ್‌ನಲ್ಲಿ ಅರ್ಧ ಸೆಕೆಂಡ್ ನಿಧಾನವಾಗಿದ್ದರೆ ಹಿಂದಿರುವವರು ಇನ್ನು ಮೂರ್ನಾಲ್ಕು ಸುತ್ತಿನಲ್ಲಿ ಬಾಗಿಲು ತಟ್ಟುತ್ತಾರೆ. ತಪ್ಪಾಗುವುದು ಒಂದೇ ಕಡೆ: ಅಪಾಯದ ಸೂಚನೆಯಾಗಿ ಹಳದಿ ಬಾವುಟ ಬಿದ್ದ ಸುತ್ತನ್ನೂ, ಪಕ್ಕಪಕ್ಕ ಕಾದಾಡಿದ ಸುತ್ತನ್ನೂ ಲೆಕ್ಕಕ್ಕೆ ಹಿಡಿದುಬಿಡುವುದು. ಎದುರು ಖಾಲಿ ರಸ್ತೆಯಿದ್ದ ಸುತ್ತನ್ನೇ ಆರಿಸಿಕೊಳ್ಳಿ. ಅಪಘಾತದ ಹೊತ್ತಿಗೆ ಎಲ್ಲರನ್ನೂ ನಿಧಾನವಾಗಿ ನಡೆಸುವ ಸೇಫ್ಟಿ ಕಾರ್ ಬಂದರೆ ಅದರ ಹಿಂದೆ ಕಳೆದ ಸುತ್ತುಗಳಿಗೆ ಬದಲಾಗಿ ರೇಸನ್ನು ಉದ್ದ ಮಾಡುವುದುಂಟು, ಅದಕ್ಕೇ ಪರದೆಯಲ್ಲಿ ಕಾಣುವ ಒಟ್ಟು ಸುತ್ತಿನ ಸಂಖ್ಯೆಯ ಮೇಲೂ ಒಂದು ಕಣ್ಣಿರಲಿ.

ಏಪ್ರಿಲ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಬ್ರಿಟನ್ನಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಭಾನುವಾರ ಅಲ್ಲಿ ಮಧ್ಯಾಹ್ನ 12ಕ್ಕೆ ರೇಸ್ ಇದ್ದರೆ ನಮಗೆ ಸಂಜೆ 4:30, ಸಂಜೆ 5ಕ್ಕಿದ್ದರೆ ರಾತ್ರಿ 9:30. ಕೊನೇ ರೇಸ್ ಮುಗಿದ ತಕ್ಷಣ ಅಂಕ ತುಂಬಿಸಬೇಡಿ. ಆ ಹೊತ್ತಿನ ಫಲಿತಾಂಶ ತಾತ್ಕಾಲಿಕ. ತಪಾಸಣೆಯಲ್ಲಿ ಕಾರಿನ ಎತ್ತರ ನಿಯಮಕ್ಕಿಂತ ಕಡಿಮೆ ಇದ್ದರೆ ಅನರ್ಹ, ಡಿಕ್ಕಿಯ ವಿಚಾರಣೆಯಲ್ಲಿ ತಪ್ಪು ಕಂಡರೆ ಸಮಯದ ದಂಡ. ಒಬ್ಬರು ಹೊರಬಿದ್ದರೆ ಹಿಂದಿನ ಪ್ರತಿಯೊಬ್ಬರೂ ಒಂದೊಂದು ಸ್ಥಾನ ಮೇಲೇರುತ್ತಾರೆ, ನಿಮ್ಮ ಹಾಳೆಯ ಅರ್ಧ ಸಾಲುಗಳನ್ನು ತಿದ್ದಬೇಕಾಗುತ್ತದೆ. ಸೋಮವಾರ ಬೆಳಿಗ್ಗೆ ಅಧಿಕೃತ ಪಿಡಿಎಫ್ ನೋಡಿಕೊಂಡೇ ಬರೆಯಿರಿ.