ಟೆಂಪ್ಲೇಟಿನೊಳಗೆ ಕಾನ್ಸ್ಟ್ ಏನಾಗುತ್ತದೆ?

ಸಿ ಪ್ಲಸ್ ಪ್ಲಸ್‌ನಲ್ಲಿ ಟೆಂಪ್ಲೇಟ್ (ಟೈಪಿನ ಜಾಗ ಖಾಲಿ ಬಿಟ್ಟ ಕೋಡಿನ ಅಚ್ಚು) ಬರೆಯತೊಡಗಿದವರೆಲ್ಲ ಕೇಳುವ ಪ್ರಶ್ನೆ ಇದು: ‘ಇಂಟ್ ಕೊಟ್ಟರೆ ಕಂಪೈಲ್ ಆಗುವ ಫಂಕ್ಷನ್ ಕಾನ್ಸ್ಟ್ ಇಂಟ್, ಅಂದರೆ ತಿದ್ದಲಾಗದ ಪೂರ್ಣಾಂಕ, ಕೊಟ್ಟರೆ ಯಾಕೆ ಆಗುವುದಿಲ್ಲ? ಎರಡಕ್ಕೂ ಬೇರೆ ಬೇರೆ ಬರೆಯಬೇಕೇ?’

ಬೇಡ. ಟೆಂಪ್ಲೇಟಿನಲ್ಲಿ ಟೈಪಿನ ಜಾಗದಲ್ಲಿ ನಿಲ್ಲುವ ಹೆಸರು ಟಿ. ಅದರೊಳಗೆ ಕಾನ್ಸ್ಟ್ ಸೇರುತ್ತದೋ ಇಲ್ಲವೋ ಎನ್ನುವುದು ನೀವು ಪ್ಯಾರಾಮೀಟರ್ ಬರೆದ ರೀತಿಯ ಮೇಲೆ ನಿಂತಿದೆ. ಬರೀ ಟಿ ಎಂದು ಬರೆದರೆ ಒಳಗೆ ಬರುವುದು ನಕಲು. ನಕಲನ್ನು ತಿದ್ದಿದರೆ ಮೂಲಕ್ಕೆ ಏನೂ ಆಗದು, ಹಾಗಾಗಿ ಕಂಪೈಲರ್ ಕಾನ್ಸ್ಟ್ ಕಳಚಿ ಟಿ ಎಂದರೆ ಇಂಟ್ ಎಂದುಕೊಳ್ಳುತ್ತದೆ. ಟಿ ರೆಫರೆನ್ಸ್ ಎಂದು ಬರೆದರೆ ಕೈಗೆ ಸಿಗುವುದು ಮೂಲವೇ. ಅಲ್ಲಿ ಕಾನ್ಸ್ಟ್ ಕಳಚುವಂತಿಲ್ಲ, ಟಿ ಕಾನ್ಸ್ಟ್ ಇಂಟ್ ಆಗುತ್ತದೆ. ಕಾನ್ಸ್ಟ್ ಟಿ ರೆಫರೆನ್ಸ್ ಎಂದರೆ ಕಾನ್ಸ್ಟ್ ಆಗಲೇ ನಿಮ್ಮ ಸಾಲಿನಲ್ಲಿದೆ, ಟಿ ಮತ್ತೆ ಬರೀ ಇಂಟ್.

ಜನ ಎಡವುವುದು ನಡುವಿನ ರೂಪದಲ್ಲಿ, ಟಿ ರೆಫರೆನ್ಸಿನಲ್ಲಿ. ಪ್ಯಾರಾಮೀಟರಿನ ಹೆಸರು ಎಕ್ಸ್ ಎಂದಿರಲಿ. ಫಂಕ್ಷನ್ ಒಳಗೆ ‘ಟಿ ಮೊತ್ತ = ಎಕ್ಸ್;’ ಎಂದು ಬರೆದು, ಮುಂದಿನ ಸಾಲಿನಲ್ಲಿ ಮೊತ್ತಕ್ಕೆ 1 ಕೂಡಿಸಿದ್ದೀರಿ ಎನ್ನಿ. ಕಾನ್ಸ್ಟ್ ಇಂಟ್ ಬಂದಾಗ ಮೊತ್ತವೂ ಕಾನ್ಸ್ಟ್ ಆಗಿ ಹುಟ್ಟುತ್ತದೆ. ದೋಷ ತೋರುವುದು ಕೂಡಿಸುವ ಸಾಲಿನಲ್ಲಿ, ತಪ್ಪಿರುವುದು ಅದರ ಹಿಂದಿನ ಸಾಲಿನಲ್ಲಿ. ‘ಆಟೊ ಮೊತ್ತ = ಎಕ್ಸ್;’ ಎಂದರೆ ಸಾಕು, ಆಟೊ ಹೊರಪದರದ ಕಾನ್ಸ್ಟನ್ನು ಕಳಚುತ್ತದೆ. ಟೈಪಿನ ಹೆಸರೇ ಬೇಕಿದ್ದರೆ, ಟೈಪಿನಿಂದ ಕಾನ್ಸ್ಟ್ ತೆಗೆದುಕೊಡುವ ಲೈಬ್ರರಿ ಸಾಧನ ರಿಮೂವ್ ಕಾನ್ಸ್ಟ್ ಬಳಸಿ.

ಆದರೆ ರಿಮೂವ್ ಕಾನ್ಸ್ಟ್ ತೆಗೆಯುವುದು ಹೊರಪದರವನ್ನು ಮಾತ್ರ. ಕಾನ್ಸ್ಟ್ ಇಂಟ್‌ಗೆ ಪಾಯಿಂಟರ್ ಕೊಟ್ಟರೆ ಹಾಗೇ ವಾಪಸು ಬರುತ್ತದೆ, ಏಕೆಂದರೆ ಅಲ್ಲಿ ಪಾಯಿಂಟರ್ ಕಾನ್ಸ್ಟ್ ಅಲ್ಲ, ಅದು ತೋರುವ ಇಂಟ್ ಕಾನ್ಸ್ಟ್. ಕಾನ್ಸ್ಟ್ ಇಂಟ್ ರೆಫರೆನ್ಸ್ ಕೊಟ್ಟರೂ ಅಷ್ಟೆ. ಮೊದಲು ರೆಫರೆನ್ಸ್ ತೆಗೆದು ಆಮೇಲೆ ಕಾನ್ಸ್ಟ್ ತೆಗೆಯಬೇಕು, ಕ್ರಮ ತಿರುಗಿಸಿದರೆ ಕಾನ್ಸ್ಟ್ ಉಳಿದುಬಿಡುತ್ತದೆ. ಸಿ ಪ್ಲಸ್ ಪ್ಲಸ್ 20ರ ರಿಮೂವ್ ಸಿವಿರೆಫ್ ಇದನ್ನು ಸರಿಯಾದ ಕ್ರಮದಲ್ಲೇ ಮಾಡುತ್ತದೆ.

ಇದಕ್ಕಿಂತ ಅಪಾಯದ್ದು ಕಾನ್ಸ್ಟ್ ಸೇರಿಸುವಾಗಿನ ತಪ್ಪು. ಟಿ ಇಂಟ್ ಪಾಯಿಂಟರ್ ಆಗಿದ್ದರೆ ‘ಕಾನ್ಸ್ಟ್ ಟಿ’ ಎಂದರೆ ಕಾನ್ಸ್ಟ್ ಆದ ಪಾಯಿಂಟರ್; ಅದು ತೋರುವ ಇಂಟ್ ಅನ್ನು ಯಾರು ಬೇಕಾದರೂ ತಿದ್ದಬಹುದು. ಟಿ ಇಂಟ್ ರೆಫರೆನ್ಸ್ ಆಗಿದ್ದರಂತೂ ನೀವು ಬರೆದ ಕಾನ್ಸ್ಟ್ ಸದ್ದಿಲ್ಲದೆ ಮಾಯ. ದೋಷವೂ ಇಲ್ಲ, ರಕ್ಷಣೆಯೂ ಇಲ್ಲ. ಟಿ ಅನ್ನು ಪಠ್ಯದಂತೆ ಅಂಟಿಸಿ ಓದುವ ಅಭ್ಯಾಸವೇ ಇದಕ್ಕೆ ಕಾರಣ. ಟಿ ಇಡಿಯಾಗಿ ಒಂದು ಟೈಪ್.

ಸಂಗ್ರಹಿಸುವ ಕ್ಲಾಸುಗಳಲ್ಲಿ ಟಿ ಕಾನ್ಸ್ಟ್ ಆಗಿರಲು ಬಿಡಬೇಡಿ. ಸ್ಟ್ಯಾಂಡರ್ಡ್ ವೆಕ್ಟರ್ ಕೂಡ ಕಾನ್ಸ್ಟ್ ಇಂಟ್ ಒಪ್ಪುವುದಿಲ್ಲ. ಬೇರೆಡೆ ಇರುವ ಮೌಲ್ಯಗಳನ್ನು ಸುಮ್ಮನೆ ನೋಡುವ ಸ್ಪ್ಯಾನ್‌ನಂಥವುಗಳಲ್ಲಿ ಕಾನ್ಸ್ಟ್ ಇಂಟ್ ಸಹಜ.

ಇನ್ನು ಇಟರೇಟರ್, ಅಂದರೆ ಸಂಗ್ರಹದ ಅಂಶಗಳನ್ನು ಒಂದೊಂದಾಗಿ ತಲುಪಿಸುವ ವಸ್ತು. ಓದುವುದಕ್ಕೊಂದು, ತಿದ್ದುವುದಕ್ಕೊಂದು ಎಂದು ಎರಡು ಕ್ಲಾಸ್ ಬೇಡ. ಟೆಂಪ್ಲೇಟಿಗೆ ಒಂದು ಬೂಲ್ (ಹೌದು-ಇಲ್ಲ ಮೌಲ್ಯ) ಕೊಟ್ಟು, ಅದನ್ನು ನೋಡಿ ಎರಡು ಟೈಪುಗಳಲ್ಲಿ ಒಂದನ್ನು ಕೊಡುವ ಕಂಡೀಷನಲ್ ಟ್ರೇಟ್ ಮೂಲಕ ರೆಫರೆನ್ಸಿನ ಟೈಪನ್ನು ಆರಿಸಿ. ತಿದ್ದುವ ಇಟರೇಟರ್‌ನಿಂದ ಓದುವ ಇಟರೇಟರ್‌ಗೆ ಬದಲಾವಣೆ ಇರಲಿ, ತಿರುಗಿ ಬೇಡ. ಒಂದು ಟೈಪ್ ಇನ್ನೊಂದಾಗಿ ಬದಲಾಗಬಲ್ಲದೇ ಎಂದು ಹೇಳುವ ಈಸ್ ಕನ್ವರ್ಟಿಬಲ್ ಬಳಸಿ ಎರಡೂ ದಿಕ್ಕಿಗೆ ಒಂದೊಂದು ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಆಗುವಾಗಲೇ ನಡೆಯುವ ಪರೀಕ್ಷೆ) ಬರೆದಿಟ್ಟರೆ, ಯಾರಾದರೂ ಮುಂದೆ ಇದನ್ನು ಕೆಡಿಸಿದ ದಿನವೇ ಕಂಪೈಲ್ ನಿಲ್ಲುತ್ತದೆ.