ಮೊದ್ಲು ಮುರಿಬೇಕಾದ್ದು ಯಾವ್ದು

ದಾವಣಗೆರೆ, 15 ಜೂನ್ 2024, ಶನಿವಾರ

ಬಿತ್ತನೆ ಟೈಮು, ಪಿ.ಬಿ. ರೋಡಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಕೊಂಡೋರಿಗೆ ಜೂನ್ ಅಂದ್ರೆ ಊಟಕ್ಕೂ ಪುರುಸೊತ್ತಿರಲ್ಲ. ಬೆಳಗ್ಗೆ ನಾನು ಶಟರ್ ಎತ್ತೋದ್ರೊಳಗೇ ಜಗಳೂರು ಕಡೆ ಯಜಮಾನ್ರೊಬ್ರು ಗೋಣಿಚೀಲದಲ್ಲಿ ಏನೋ ಸುತ್ಕೊಂಡು ಬಂದು ಕಟ್ಟೆ ಮೇಲೆ ಕೂತಿದ್ರು. ಬಿಚ್ಚಿ ನೋಡಿದ್ರೆ, ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಹುಡಿ ಮಾಡ್ತಾರಲ್ಲ, ಆ ರೋಟವೇಟರ್ ಗೇರ್‌ಬಾಕ್ಸಿನ ಗೇರು, ಒಂದು ಸೈಡು ಹಲ್ಲು ಪೂರ್ತಿ ಉದುರಿ ಹೋಗಿದೆ.

"ಶಾಫ್ಟಿಗೆ ಯಾವ ಬೋಲ್ಟ್ ಹಾಕಿದ್ರಿ ಯಜಮಾನ್ರೆ?" ಅಂದೆ.

"ಅದು ಪದೇ ಪದೇ ಮುರಿತಿತ್ತಪ್ಪ, ನಮ್ ಹುಡುಗ ಎಲ್ಲಿಂದನೋ ಗಟ್ಟಿದು ತಂದು ಬಿಗಿದ ನೋಡು, ಆಮೇಲೆ ಒಂದ್ಸಲನಾದ್ರೂ ಮುರಿದಿದ್ರೆ ಕೇಳು" ಅಂದ್ರು, ಅದೂ ಹೆಮ್ಮೆಯಿಂದ.

ಬೋಲ್ಟ್ ಮುರಿಲಿಲ್ಲ, ಅದಕ್ಕೇ ಗೇರ್ ಮುರೀತು ಅಂತ ಹೇಳೋಕೆ ನಂಗೆ ಒಂದು ಕಪ್ ಟೀ ಮುಗಿಯೋ ಅಷ್ಟು ಹೊತ್ತು ಬೇಕಾಯ್ತು. ಟ್ರ್ಯಾಕ್ಟರ್ ಹಿಂದಿನ ಪಿಟಿಓ, ಅಂದ್ರೆ ಇಂಜಿನ್ ಜೋರನ್ನ ಹಿಂದೆ ಕಟ್ಟಿರೋ ಮಷಿನ್ನಿಗೆ ಕೊಡೋ ದಂಡ, ನಿಮಿಷಕ್ಕೆ 540 ಸುತ್ತು ತಿರುಗ್ತಿರುತ್ತೆ, ರೋಟವೇಟರ್ ಬ್ಲೇಡು ನೆಲದೊಳಗಿರೋ ಗುಂಡುಕಲ್ಲಿಗೆ ಸಿಕ್ಕಿ ಗಕ್ಕಂತ ನಿಂತ್ರೆ ಆ ಇಂಜಿನ್ ಜೋರೆಲ್ಲ ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ, ಅದಕ್ಕೆ ಅಂತಾನೇ ಶಾಫ್ಟಲ್ಲಿ ಒಂದು ಶಿಯರ್ ಬೋಲ್ಟ್ ಇಟ್ಟಿರ್ತಾರೆ, ಕಲ್ಲು ತಾಗಿದ ತಕ್ಷಣ ಅದು ಪಟ್ಟಂತ ತುಂಡಾಗುತ್ತೆ, ಶಾಫ್ಟು ಖಾಲಿ ತಿರುಗುತ್ತೆ, ಗೇರ್‌ಬಾಕ್ಸು ಉಳಿಯುತ್ತೆ. ಬೋಲ್ಟಿನ ತಲೆ ಮೇಲೆ 8.8, 10.9, 12.9 ಅಂತ ನಂಬರ್ ಹೊಡೆದಿರ್ತಾರೆ, ನಂಬರ್ ದೊಡ್ಡದಾದಷ್ಟೂ ಬೋಲ್ಟ್ ಗಟ್ಟಿ. ಕಂಪನಿಯೋರು ಯಾವ ನಂಬರ್ ಹೇಳಿದಾರೋ ಅದನ್ನೇ ಹಾಕ್ಬೇಕು. ನಮ್ ಜನಕ್ಕೆ ಗಟ್ಟಿ ಅಂದ್ರೆ ಒಳ್ಳೇದು, ಮುರಿಯೋದೆಲ್ಲ ಡುಪ್ಲಿಕೇಟು. ಕಂಪನಿ ಹೆಸರಿಗೆ ಬೈದು, ಕೊನೆಗೆ ಹತ್ತಿಪ್ಪತ್ತು ರೂಪಾಯಿ ಬೋಲ್ಟ್ ಉಳ್ಸೋಕೆ ಹೋಗಿ ಸಾವಿರಗಟ್ಲೆ ರೂಪಾಯಿ ಗೇರ್ ಕಳ್ಕೋತಾರೆ.

ಈ ಅಂಗಡೀಲಿ ಕೂತು ಕೂತು ನಂಗೊಂದು ಚಟ ಹತ್ಕೊಂಡಿದೆ, ಯಾವ ಸಾಮಾನು ಕಂಡ್ರೂ ಇದ್ರಲ್ಲಿ ಮೊದ್ಲು ಮುರಿಯೋದು ಯಾವ್ದು, ಅದಕ್ಕೆ ಎಷ್ಟು ರೂಪಾಯಿ, ಚೌಕಿಪೇಟೇಲಿ ಸಿಗುತ್ತಾ ಅಂತ ನೋಡೋದು. ಡಿಸೈನ್ ಅಂದ್ರೆ ಎಲ್ಲರೂ ಶೇಪು ಕಲರ್ ಮಾತಾಡ್ತಾರೆ, ಮಾತಾಡ್ಲಿ ಬಿಡಿ, ಆದ್ರೆ ಏಟು ಬಿದ್ದಾಗ ಯಾರು ಸೋಲ್ಬೇಕು ಅಂತ ಮೊದ್ಲೇ ಕೂತು ತೀರ್ಮಾನ ಮಾಡಿಟ್ಟಿರ್ತಾರಲ್ಲ, ನಂಗೆ ದೊಡ್ಡ ಡಿಸೈನ್ ಅಂತ ಅನ್ಸೋದು ಅದು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ್ರೆ ಅಲ್ಲೂ ಇದೇ ಕಥೆ, ಕುಕ್ಕರ್ ಸೇಫ್ಟಿ ವಾಲ್ವ್ ಹೋಗಿದೆ ಅಂತ ನಮ್ಮನೆಯವ್ಳು ಬೇಳೆ ಮೆತ್ಕೊಂಡಿರೋ ಟೈಲ್ಸ್ ತೋರ್ಸಿದ್ಳು. ವೇಯ್ಟ್ ಕೆಳಗಿನ ತೂತಿಗೆ ಬೇಳೆ ಸಿಪ್ಪೆ ಸಿಕ್ಕಿತ್ತು. ನಂಗೆ ಕುಕ್ಕರ್ ಅಂದ್ರೆ ಭಾರಿ ಮರ್ಯಾದೆ. 1679ರಲ್ಲೇ ದೆನಿ ಪಾಪಾನ್ ಅನ್ನೋ ಫ್ರೆಂಚ್ ಮನುಷ್ಯ ಲಂಡನ್ನಿನ ರಾಯಲ್ ಸೊಸೈಟಿಯೋರಿಗೆ ಇದರ ಮುತ್ತಾತನ್ನ ತೋರ್ಸಿದ್ದ, ಮೂಳೆನೂ ಮೆತ್ತಗಾಗೋ ಹಂಗೆ ಬೇಯ್ಸೋ ಪಾತ್ರೆ. ಒಳಗೆ ಆವಿ ಒತ್ತಡ ಹೆಚ್ಚಾದ್ರೆ ನೀರು 100 ಡಿಗ್ರಿಗೆ ಕುದಿಯಲ್ಲ, ನಮ್ಮ ಮನೆ ಕುಕ್ಕರಲ್ಲಿ 120 ಡಿಗ್ರಿ ಹತ್ರ ಹೋಗುತ್ತೆ, ಅದಕ್ಕೇ ತೊಗರಿಬೇಳೆ ಬೇಗ ಬೇಯೋದು. ಇದ್ರಲ್ಲಿ ಕಾವಲು ಒಂದಲ್ಲ. ಮೊದಲನೇದು ವೇಯ್ಟು, ಒತ್ತಡ ಮಿತಿ ಮುಟ್ಟಿದ್ರೆ ಎದ್ದು ಸೀಟಿ ಹೊಡೆದು ಆವಿ ಬಿಡುತ್ತೆ. ಆ ದಾರಿ ಕಟ್ಕೊಂಡ್ರೆ ಒತ್ತಡದ ಜೊತೆ ಶಾಖನೂ ಏರುತ್ತೆ, ಆಗ ಸೇಫ್ಟಿ ವಾಲ್ವ್ ಒಳಗಿರೋ ಬೇಗ ಕರಗೋ ಲೋಹ ಕರಗಿ ದಾರಿ ಮಾಡ್ಕೊಡುತ್ತೆ. ನೀರು ಹಾಕೋದು ಮರೆತು ಕುಕ್ಕರ್ ಬತ್ತಿದ್ರೂ ಅದೇ ಲೋಹ ಕರಗುತ್ತೆ. ಇನ್ನೂ ಕೆಲವು ಕುಕ್ಕರಲ್ಲಿ ಮುಚ್ಚಳದ ಅಂಚಿನ ಕಿಂಡೀಲಿ ಗ್ಯಾಸ್ಕೆಟ್ಟೇ ಉಬ್ಬಿ ಹೊರಗೆ ಬಂದು ಆವಿ ಬಿಡುತ್ತೆ. ಹಾಕಿನ್ಸ್ ಥರದ ಒಳಮುಚ್ಚಳದ್ದು ಇನ್ನೂ ಜಾಣತನದ್ದು, ಮುಚ್ಚಳ ಮೊಟ್ಟೆ ಆಕಾರ ಇರೋದ್ರಿಂದ ಓರೆ ಮಾಡಿ ಒಳಗೆ ಇಳ್ಸಿ ಮೇಲಕ್ಕೆ ಎಳೀಬೇಕು, ಒಳಗಿನ ಆವಿನೇ ಅದನ್ನ ಬಾಯಿಗೆ ಒತ್ತಿ ಹಿಡಿದಿರುತ್ತೆ, ಒತ್ತಡ ಇಳಿಯೋ ತನಕ ಯಾವ ಪೈಲ್ವಾನ್ ಬಂದ್ರೂ ತೆಗೆಯೋಕಾಗಲ್ಲ. ಅವಸರದಲ್ಲಿರೋರು ಏನು ಮಾಡ್ತಾರೆ ಅಂತ ಯೋಚ್ನೆ ಮಾಡಿಯೇ ಮಾಡಿರೋದು ಅದು.

ಆದ್ರೂ ನಮ್ಮೋರು ಬಿಡಬೇಕಲ್ಲ. ಸೇಫ್ಟಿ ವಾಲ್ವ್ ಜಾಗಕ್ಕೆ ನಟ್ಟು ಬೋಲ್ಟು ಬಿಗಿದಿರೋ ಕುಕ್ಕರನ್ನ ಒಂದು ಮದುವೆ ಅಡುಗೆ ಮನೇಲಿ ಕಣ್ಣಾರೆ ನೋಡಿದೀನಿ, ಅವತ್ತು ನಾನು ಎಲೆ ಹಿಡ್ಕೊಂಡು ಚಪ್ಪರದ ಆ ಕೊನೆಗೆ ಹೋಗಿ ಕೂತು ಉಂಡೆ. ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ವೈರ್ ಸುತ್ತೋರೂ ಇದೇ ಜಾತಿ, ಅವರ ಬಗ್ಗೆ ಬರೀತಾ ಕೂತ್ರೆ ರಾತ್ರಿ ಆಗುತ್ತೆ. ಮಿಕ್ಸಿ ಜಾರನ್ನ ಮೋಟ್ರಿಗೆ ಜೋಡಿಸೋ, ಜಾರ್ ಕೆಳಗಿನ ಹಲ್ಲಿನ ಕಪ್ಲರ್ ಮಾತ್ರ ಹೇಳ್ಲೇಬೇಕು. ಒಣಕೊಬ್ಬರಿ ಸಿಕ್ಕಿ ಬ್ಲೇಡ್ ನಿಂತ್ರೆ ಆ ಕಪ್ಲರ್ ಹಲ್ಲು ಹೋಗುತ್ತೆ, ಮೋಟ್ರು ಸುಡೋದು ತಪ್ಪುತ್ತೆ, ಅದಕ್ಕೂ ಮೇಲೆ ತಳದಲ್ಲಿ ಒಂದು ಕೆಂಪು ಬಟನ್ನು, ಲೋಡ್ ಜಾಸ್ತಿ ಆದ್ರೆ ಅದೇ ಕರೆಂಟ್ ಕಟ್ ಮಾಡುತ್ತೆ, ಸ್ವಲ್ಪ ಹೊತ್ತು ಬಿಟ್ಟು ಒತ್ತಿದ್ರೆ ಮತ್ತೆ ಶುರು. ಆ ಬಟನ್ ಇದೆ ಅಂತ ಗೊತ್ತಿಲ್ದೆ ಮಿಕ್ಸಿ ಕಂಕುಳಲ್ಲಿಟ್ಕೊಂಡು ರಿಪೇರಿ ಅಂಗಡಿಗೆ ಹೋಗೋರು ಈ ಊರಲ್ಲಿ ಎಷ್ಟೋ ಜನ.

ಸಂಜೆ ಹೆಂಗೂ ಜಗಳೂರು ಕಡೆ ಬಾಕಿ ವಸೂಲಿ ಇತ್ತು, ಯಜಮಾನ್ರನ್ನ ಕಾರಲ್ಲೇ ಕೂರ್ಸ್ಕೊಂಡು ಹೊಸ ಗೇರೂ ಹಾಕ್ಕೊಂಡು ಹೊರಟೆ. ಅವರ ಹೊಲ ನೋಡಿದ ಮೇಲೆ ಬೋಲ್ಟ್ ಯಾಕೆ ಪದೇ ಪದೇ ಹೋಗ್ತಿತ್ತು ಅಂತ ಅರ್ಥ ಆಯ್ತು, ಮಣ್ಣಿಗಿಂತ ಕಲ್ಲೇ ಜಾಸ್ತಿ. "ಈ ಹೊಲಕ್ಕೆ ಸ್ಪ್ರಿಂಗ್ ಕಲ್ಟಿವೇಟರ್ ಹೊಡೀರಿ" ಅಂದೆ. ಅದ್ರಲ್ಲಿ ಒಂದೊಂದು ಹಲ್ಲಿಗೂ ಸ್ಪ್ರಿಂಗ್ ಇರುತ್ತೆ, ಕಲ್ಲು ಸಿಕ್ಕಿದ್ರೆ ಆ ಹಲ್ಲು ಹಿಂದಕ್ಕೆ ಸರಿದು, ಕಲ್ಲು ದಾಟಿದ ಮೇಲೆ ತಾನೇ ವಾಪಸ್ ಬಂದು ಕೂರುತ್ತೆ, ಮುರಿಯೋದೂ ಇಲ್ಲ, ಇಳಿದು ಬೋಲ್ಟ್ ಹಾಕೋದೂ ಇಲ್ಲ. ತುದಿ ಕುಳಕ್ಕೆ ಎರಡು ಕಡೆ ಮೊನೆ, ಒಂದು ಕಡೆ ಸವೆದ್ರೆ ತಿರುವಿ ಹಾಕ್ಕೊಳೋದು. ಮಾರೋನಿಗೆ ಲಾಭ ಕಮ್ಮಿ ಮಾಡೋ ಡಿಸೈನು, ಆದ್ರೂ ಹೇಳ್ಬೇಕಲ್ಲ.

ಊರೊಳಗೆ ಕರೆಂಟಿಲ್ಲ, ಮಿನಿ ಟ್ಯಾಂಕ್ ಖಾಲಿ, ಬೋರಿಂಗ್ ಹತ್ರ ಕೊಡಗಳ ಸಾಲು. ನಾವು ಬೋರಿಂಗ್ ಅಂತ ಕರೆಯೋ ಈ ಕೈಪಂಪಿನ ಹೆಸರು ಇಂಡಿಯಾ ಮಾರ್ಕ್ 2. ನಮ್ಮ ದೇಶದಲ್ಲಿ ಮಾಡಿರೋ ಡಿಸೈನಲ್ಲಿ ಯಾವ್ದು ದೊಡ್ಡದು ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ತೋರ್ಸ್ತೀನಿ. ಅರವತ್ತರ ದಶಕದ ಬರಗಾಲದಲ್ಲಿ ಯುನಿಸೆಫ್‌ನೋರು ಬೋರ್ ಕೊರೆಯೋ ಮಷಿನ್ ತಂದ್ರು, ಬೋರೇನೋ ಆಯ್ತು, ಮೇಲೆ ಕೂರ್ಸಿದ್ದು ಬೀಡು ಕಬ್ಬಿಣದ ಪಂಪು, ಒಂದು ಮನೆ ದಿನಕ್ಕೆ ನಾಲ್ಕು ಸಲ ಹೊಡೆಯೋಕೆ ಅಂತ ವಿದೇಶದಲ್ಲಿ ಮಾಡಿದ್ದರ ನಕಲು. ಇಲ್ಲಿ ಬೆಳಗ್ಗಿಂದ ಸಂಜೆ ತನಕ ಇಡೀ ಊರು ಹೊಡೀತು, ಪಂಪುಗಳು ಸಾಲಾಗಿ ಕೆಟ್ಟು ಕೂತ್ವು. ಆಗ ಸೋಲಾಪುರದ ಕಡೆ ಕಟ್ಟಿದ್ದ ಒಂದು ಉಕ್ಕಿನ ಪಂಪು ಮಾತ್ರ ಚೆನ್ನಾಗಿ ನಡೀತಿತ್ತು, ಅದನ್ನೇ ಇಟ್ಕೊಂಡು ಸರ್ಕಾರ, ಯುನಿಸೆಫ್, ರಿಚರ್ಡ್ಸನ್ ಅಂಡ್ ಕ್ರುಡಾಸ್ ಕಂಪನಿ ಸೇರಿ 1970ರ ದಶಕದಲ್ಲಿ ಮಾರ್ಕ್ 2 ಮಾಡಿದ್ರು. ಪೇಟೆಂಟ್ ಕಾಟ ಇಲ್ಲ, ಯಾವ ವರ್ಕ್‌ಶಾಪ್ ಬೇಕಾದ್ರೂ ಅಳತೆ ನೋಡಿ ಮಾಡ್ಬಹುದು, ಆಫ್ರಿಕಾ ತನಕ ಹೋಗಿದೆ.

ಮೇಲಿನ ಡಬ್ಬಿ ತೆಗೆದು ನೋಡಿದ್ರೆ ಒಳಗಿರೋದು ಒಂದು ಚೈನು, ಕಮಾನಿನಂಥ ಕಬ್ಬಿಣದ ಮೇಲೆ ಕೂತಿರುತ್ತೆ. ನೀವು ಹಿಡಿಯನ್ನ ಹೆಂಗೇ ಬಾಗ್ಸಿ ಎಳೆದ್ರೂ ಚೈನು ರಾಡನ್ನ ನೆಟ್ಟಗೆ ಮೇಲಕ್ಕೇ ಎತ್ತುತ್ತೆ, ಅಡ್ಡ ತಳ್ಳಲ್ಲ, ಹಂಗಾಗಿ ರಾಡ್ ಸವೆಯಲ್ಲ. ಹಿಡಿ ಘನ ಉಕ್ಕಿಂದು, ಅದರ ಭಾರ ಕೆಳಗಿನ ರಾಡುಗಳ ಭಾರಕ್ಕೆ ಸರಿತೂಗೋಕೆ ಸಹಾಯ ಮಾಡುತ್ತೆ, ಸಣ್ಣ ಹುಡುಗಿ ಜೋತು ಬಿದ್ದು ಹೊಡೆದ್ರೂ ನೂರಿಪ್ಪತ್ತು, ನೂರೈವತ್ತು ಅಡಿ ಆಳದಿಂದ ನೀರು ಬರುತ್ತೆ. ಇಷ್ಟೆಲ್ಲದರಲ್ಲಿ ಬೇಗ ಸವೆಯೋಕೆ ಅಂತ ಇಟ್ಟಿರೋದು ಪಿಸ್ಟನ್ನಿನ ವಾಷರ್, ಅಗ್ಗದ ಸಾಮಾನು.

ನಾನಿದನ್ನ ಹೊಗಳ್ತಾ ನಿಂತಿದ್ರೆ ಕೊಡ ಇಟ್ಕೊಂಡು ನಿಂತಿದ್ದ ಅಮ್ಮೊಬ್ರು, "ಎಲ್ಲ ಸರಿಯಪ್ಪ, ಆ ವಾಷರ್ ಹೋದ್ರೆ ಪೈಪೆಲ್ಲ ಮೇಲೆತ್ಬೇಕು ನೋಡು, ರಿಪೇರಿಯವ್ರು ಬರೋತಂಕ ನಾವೇನ್ ಮಾಡಾಣ?" ಅಂದ್ರು. ಸರಿಯಾದ ಜಾಗಕ್ಕೇ ಹೊಡೆದ್ರು. ವಾಷರ್ ಇರೋದು ಬೋರ್ ತಳದಲ್ಲಿ, ಮಾರ್ಕ್ 2ರ ಪೈಪು ಒಂದೂಕಾಲು ಇಂಚು, ಪಿಸ್ಟನ್ನು ಅದಕ್ಕಿಂತ ದಪ್ಪ, ಅದರೊಳಗಿಂದ ಮೇಲೆ ಬರಲ್ಲ, ಹಂಗಾಗಿ ಒಂದೊಂದೇ ಪೈಪ್ ಬಿಚ್ಚಿ ಎತ್ಬೇಕು, ಅದಕ್ಕೊಂದು ತಂಡ, ಗಾಡಿ, ಕ್ಲಾಂಪು. ಇದಕ್ಕೆ ಅಂತಾನೇ ಆಮೇಲೆ ಮಾರ್ಕ್ 3 ಬಂತು, ಅದ್ರಲ್ಲಿ ಎರಡೂವರೆ ಇಂಚಿನ ಪೈಪು, ರಾಡ್ ಎಳೆದ್ರೆ ಪಿಸ್ಟನ್ನೂ ಜೊತೇಲೇ ಬರುತ್ತೆ, ಪೈಪ್ ಮುಟ್ಟೋದೇ ಬೇಡ, ಊರೋರೇ ವಾಷರ್ ಹಾಕ್ಕೋಬಹುದು. ಆದ್ರೆ ದಪ್ಪ ಪೈಪ್ ಅಂದ್ರೆ ಜಾಸ್ತಿ ಭಾರ, ಜಾಸ್ತಿ ದುಡ್ಡು, ಅದಕ್ಕೇ ಎಲ್ಲಿ ನೋಡಿದ್ರೂ ಇನ್ನೂ ಮಾರ್ಕ್ 2ಗಳೇ ನಿಂತಿರೋದು. ಅಗ್ಗದ್ದು ಮೊದ್ಲು ಸವೀಬೇಕು ಅನ್ನೋದು ಅರ್ಧ ಲೆಕ್ಕ ಅಷ್ಟೇ, ಅದು ಕೈಗೆ ಸಿಗೋ ಜಾಗದಲ್ಲೂ ಇರ್ಬೇಕು. ಆ ಅಮ್ಮನಿಗೆ ಇದನ್ನ ಯಾವ ಇಂಜಿನಿಯರೂ ಹೇಳ್ಕೊಡ್ಬೇಕಾಗಿರಲಿಲ್ಲ.

ವಾಪಸ್ ಬರೋವಾಗ ಫೋನ್ ಮತ್ತೆ ಸ್ವಿಚಾಫ್. ಬ್ಯಾಟ್ರಿ ಹೋಗಿದೆ, ಎಲ್ಲದಕ್ಕಿಂತ ಮೊದ್ಲು ಹೋಗೋದು ಅದೇ ಅಂತ ಮಾಡಿದೋರಿಗೂ ಗೊತ್ತು, ಗೊತ್ತಿದ್ದೂ ಅಂಟು ಹಾಕಿ ಕೂರ್ಸಿದಾರೆ, ತೆಗೆಯೋಕೆ ಬಿಸಿಗಾಳಿ ಬಿಟ್ಟು ಗಾಜು ಎಬ್ಬಿಸ್ಬೇಕು, ಗಾಜು ಬಿರುಕು ಬಿಟ್ರೆ ಜವಾಬ್ದಾರಿ ನಂದಲ್ಲ ಅಂತಾನೆ ರಿಪೇರಿ ಹುಡುಗ. ಹಳೇ ಕೀಪ್ಯಾಡ್ ಫೋನಲ್ಲಿ ಹೆಬ್ಬೆರಳ ಉಗುರು ಸಾಕಿತ್ತು. ಯುರೋಪಿನೋರು 2023ರಲ್ಲಿ ಕಾನೂನು ಮಾಡಿದಾರೆ, 2027ರ ಫೆಬ್ರವರಿಯಿಂದ ಅಲ್ಲಿ ಮಾರೋ ಸಣ್ಣ ಸಾಮಾನುಗಳ ಬ್ಯಾಟ್ರಿ, ಒಂದಿಷ್ಟು ವಿನಾಯ್ತಿ ಬಿಟ್ಟು, ಬಳಸೋರೇ ತೆಗೆದು ಹಾಕೋ ಹಂಗಿರ್ಬೇಕು ಅಂತ. ಅದು ಜಗಳೂರು ದಾರಿ ತನಕ ಬರೋ ಅಷ್ಟೊತ್ತಿಗೆ ಈ ಫೋನ್ ಇರಲ್ಲ, ಅಲ್ಲಿವರೆಗೂ ಎಮ್ಮೆನ ಗೂಟಕ್ಕೆ ಕಟ್ಟಿದಂಗೆ ಇದನ್ನ ಚಾರ್ಜರಿಗೆ ಕಟ್ಕೊಂಡೇ ಮಾತಾಡ್ಬೇಕು. ಸಂಜೆ ಫೋನ್ ಮಾಡಿ ಸಿಗದೇ ಬೈಕೊಂಡಿರೋರು ನಾಳೆ ಬೆಳಗ್ಗೆ ಹತ್ತರ ಮೇಲೆ ಮಾಡಿ.