ಆರಾಮಿಲ್ರೀ

ಬೆಳಿಗ್ಗೆ ಮೂಡಿಗೆರೆ ಕಡೆಯ ಕಾಫಿ ತೋಟ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಮಾತ್ರ ಖಾಲಿ.

ಉತ್ತರ ಕರ್ನಾಟಕದ ಕಡೆಯಿಂದ ಬಂದ ಅವನ ಜೊತೆಗಾರ ಹೇಳಿದ: "ಅವಂಗ ಆರಾಮಿಲ್ರೀ."

ನಮ್ಮಲ್ಲಿ ಇದೇ "ಹುಷಾರಿಲ್ಲ". ಘಟ್ಟ ಇಳಿದರೆ "ಸೌಖ್ಯ ಇಲ್ಲ".
ಹಾಸನದವರು ರಜಾ ಹಾಕ್ತಾರೆ, ಮಂಗಳೂರಿನವರು ರಜೆ ಮಾಡ್ತಾರೆ, ಧಾರವಾಡದ ಕಡೆ ಅದು ಸೂಟಿ.

ತೊಡಕು ಎಲ್ಲಿ ಅಂದ್ರೆ, ಆರಾಮಿಲ್ಲ ಅನ್ನೋದು ಇಲ್ಲಿಯ ಕಿವಿಗೆ ಬಿಡುವಿಲ್ಲ ಅಂತಲೂ ಕೇಳಿಸಬಹುದು. ಜ್ವರದಲ್ಲಿ ಮಲಗಿದವನನ್ನ ಬೇರೆ ತೋಟಕ್ಕೆ ಹೋದ ಅಂದ್ಕೊಂಡ್ರೆ ಎಷ್ಟು ಅನ್ಯಾಯ!

ಯಾರು ಹೇಗೇ ಹೇಳಲಿ, ಹಾಜರಿ ಬರೆಯೋ ರೈಟರು "ಎಷ್ಟು ದಿನ?" ಅಂತ ಕೇಳಲೇಬೇಕು. ನಾಲ್ಕು ದಿನ ಅಂದ್ರೆ ಆ ಸಾಲಿಗೆ ಬೇರೆ ಆಳು ಬೇಕು. ಮಾಗಿದ ಅರೇಬಿಕಾ ಹಣ್ಣು ಗಿಡದಲ್ಲಿ ಕಾಯಲ್ಲ, ಉದುರತ್ತೆ.

ಅದಕ್ಕೂ ಮೊದಲು ಕೇಳಬೇಕಾದ್ದು: ಗುಳಿಗೆ ಸಿಕ್ತಾ? ಲೈನ್‌ಮನೆಯಲ್ಲಿ (ಆಳುಗಳು ಇರೋ ಸಾಲುಮನೆ) ಗಂಜಿ ಕಾಯಿಸಿಕೊಡೋರು ಇದ್ದಾರಾ?